ಪರವಾನಗಿ ಪಡೆದ ಬಚ್ಚಲು

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ಕಾಯಿದೆಯ ಕಾಯಿಲೆ. ರಸ್ತೆ ಖಾಲಿಯಿದ್ದರೂ ಕೆಂಪು ದೀಪ ಕಂಡರೆ ಸ್ಕೂಟರ್ ನಿಲ್ಲಿಸುತ್ತೇನೆ; ಹಿಂದೆ ಬಂದವರು ಬೈದುಕೊಂಡು ಮುಂದೆ ಹೋಗುತ್ತಾರೆ. ಅರ್ಜಿಯಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕಾದ ಕಡೆ ಸುಮ್ಮನೆ ಅಡ್ಡಗೆರೆ ಎಳೆಯುವವರನ್ನು ಕಂಡರೆ ನನಗಾಗುವುದಿಲ್ಲ. ಆಫೀಸಿನಲ್ಲೂ ನನ್ನ ಕೆಲಸ ಇದೇ. ಸೂಪರಿಂಟೆಂಡೆಂಟ್ ಎಂಬ ಹೆಸರಿನಲ್ಲಿ ಬೇರೆಯವರ ಫೈಲಿನಲ್ಲಿ ಏನಿಲ್ಲ ಎಂದು ಹುಡುಕಿ, ಅಂಚಿನಲ್ಲಿ ಆಕ್ಷೇಪಣೆ ಬರೆದು, ಹಿಂದಕ್ಕೆ ಕಳಿಸಿ, ನೆಮ್ಮದಿಯಾಗಿ ಕಾಫಿಗೆ ಹೋಗುವವನು ನಾನು. ಇಂಥವನು ಬಚ್ಚಲು ಕಟ್ಟಿಸಲು ಹೊರಟರೆ ಏನಾಗುತ್ತದೆ ಎಂಬುದು ನನ್ನ ಹೆಂಡತಿ ವಿಶಾಲೂಗೆ ಮೊದಲೇ ಗೊತ್ತಿತ್ತಂತೆ. ನನಗೆ ಗೊತ್ತಿರಲಿಲ್ಲ.

ಮೂಡಲಪಾಳ್ಯದ ನಮ್ಮ ಮನೆಯಲ್ಲಿ ಬಚ್ಚಲು, ಕಕ್ಕಸು ಎರಡೂ ಹಿತ್ತಲಿನ ಆ ತುದಿಗೆ. ನಡುವೆ ಹತ್ತು ಹೆಜ್ಜೆ ಕಲ್ಲುಹಾಸು; ಮಳೆ ಬಿದ್ದರೆ ಪಾಚಿ. ನಮಗೆಲ್ಲ ಅಭ್ಯಾಸವಾಗಿತ್ತು. ಆದರೆ ಮಗಳು ಮಾಲ ಮೊದಲ ಹೆರಿಗೆಗೆ ಬರುವವಳಿದ್ದಳು, ಅದೂ ಮಳೆಗಾಲದಲ್ಲಿ. “ರೀ, ಅವಳು ಬರೋಕೆ ಇನ್ನೂ ಎರಡು ತಿಂಗಳಿದೆ. ರೂಮಿಗೆ ಸೇರಿಸಿ ಒಂದು ಬಾತ್‌ರೂಮ್ ಹಾಕಿಸ್ಬಿಡಿ. ನಂಜುಂಡಪ್ಪ ನಾಲ್ಕೇ ದಿನದಲ್ಲಿ ಮುಗಿಸ್ತಾನಂತೆ” ಎಂದಳು ವಿಶಾಲು. ನಂಜುಂಡಪ್ಪ ಕಾಮಾಕ್ಷಿಪಾಳ್ಯದ ಪ್ಲಂಬರ್, ಕೈ ಚಳಕದವನು. “ಮುಗಿಸಲಿ. ಮೊದಲು ಪರವಾನಗಿ ಬರಲಿ” ಎಂದೆ. ವಿಶಾಲು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಪಕ್ಕದ ಮನೆಯ ಬೋರಣ್ಣನ ಕಿವಿಗೂ ಇದು ಬಿತ್ತು. ಬೋರಣ್ಣ ಹಳೇ ಊರಿನವರು. ನಮ್ಮ ರಸ್ತೆಯೇ ಅವರಪ್ಪನ ಹೊಲ. ಅವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಕ್ಕರು. “ಪರ್ಮಿಶನ್ನಾ? ಏನ್ ಸಾರ್ ನೀವು! ನಾನು ಮೂರು ಬಾತ್‌ರೂಮ್ ಕಟ್ಸಿದೀನಿ, ಒಬ್ಬ ಕೇಳಿಲ್ಲ. ನಮ್ಮಪ್ಪ ಇಲ್ಲಿ ರಾಗಿ ಬಿತ್ತುವಾಗ ಯಾರನ್ನ ಕೇಳಿದ್ದ?” ನಾನು ಅವರಿಗೆ ಕುಡಿಯುವ ನೀರು, ಕೊಳಚೆ ನೀರು, ನಾಗರಿಕ ಜವಾಬ್ದಾರಿ ಇವುಗಳ ಕುರಿತು ಹತ್ತು ನಿಮಿಷ ತಿಳಿಹೇಳಿದೆ. ಅವರು ಶ್ರದ್ಧೆಯಿಂದ ಕೇಳಿ, ಆಕಳಿಸಿ, ಒಳಗೆ ಹೋದರು.

ನೀರಿನ ಕಚೇರಿಯಲ್ಲಿ ತಿಳಿದ ಮೊದಲ ಸಂಗತಿಯೆಂದರೆ, ನಕ್ಷೆಗೆ ಲೈಸೆನ್ಸ್ ಇರುವ ಪ್ಲಂಬರೇ ಸಹಿ ಹಾಕಬೇಕು. ನಂಜುಂಡಪ್ಪನಿಗೆ ಲೈಸೆನ್ಸ್ ಇರಲಿಲ್ಲ. “ನಾನು ಕೆಲ್ಸ ಮಾಡೋನು ಸಾರ್. ಸೈನ್ ಹಾಕೋರು ಬೇರೆ ಇರ್ತಾರೆ” ಎಂದು, ಅದು ಲೋಕಕ್ಕೆಲ್ಲ ಗೊತ್ತಿರುವ ಮಾತೆಂಬಂತೆ ಹೇಳಿದ. ವಿಜಯನಗರದಲ್ಲಿ ಅಂಥವರೊಬ್ಬರನ್ನು ಹುಡುಕಿದೆ. ಇಸ್ತ್ರಿ ಮಾಡಿದ ಬಿಳಿ ಷರಟು, ಮೆತ್ತನೆಯ ಕೈ. ಪೈಪನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಅವರು ನಕ್ಷೆ ಬಿಡಿಸಿ ಸಹಿ ಹಾಕಿದರು. ನಾನು ಫೈಲಿಗೆ ದಾರ ಕಟ್ಟಿ, ಪುಟಸಂಖ್ಯೆ ಹಾಕಿ, ಒಂದೂ ಅಡ್ಡಗೆರೆ ಇಲ್ಲದ ಅರ್ಜಿಯನ್ನು ಹೆಮ್ಮೆಯಿಂದ ಕೊಟ್ಟು ಬಂದೆ.

ಅದು ಎರಡು ವಾರಕ್ಕೆ ಹಿಂದೆ ಬಂತು. ಕೊಳಚೆ ಪೈಪಿನ ಗಾಳಿ ಹೊರಹೋಗಲು ತಾರಸಿಗಿಂತ ಎತ್ತರದ ಗಾಳಿಕೊಳವೆ ತೋರಿಸಿಲ್ಲವಂತೆ. ತೋರಿಸಿದೆವು. ವಿಶಾಲು ನಕ್ಷೆ ನೋಡಿ ಕೆರಳಿದಳು. “ನಾನು ಸಂಡಿಗೆ ಒಣಹಾಕೋ ಜಾಗದಲ್ಲೇ ಕಕ್ಕಸಿನ ಗಾಳಿ ಬಿಡ್ತೀರಾ?” ಕೊಳವೆಯನ್ನು ಇನ್ನೊಂದು ಮೂಲೆಗೆ ಸರಿಸಿದೆವು. ಫೈಲು ಮತ್ತೆ ಬಂತು. ಈಗ ಕೊಳಚೆ ಪೈಪು ನೀರಿನ ತೊಟ್ಟಿಗೆ ತೀರ ಹತ್ತಿರವಾಯಿತಂತೆ. ದೂರ ಮಾಡಿದೆವು. ಮೂರನೆಯ ಸಲ ಅಂಚಿನಲ್ಲಿ ‘ಲಗತ್ತುಗಳು ಅಪೂರ್ಣ, ಸರಿಪಡಿಸಿ ಮರುಸಲ್ಲಿಸುವುದು’ ಎಂದಿತ್ತು. ಯಾವ ಲಗತ್ತು ಎಂದು ಬರೆದಿರಲಿಲ್ಲ. ನಾನು ದಿನಕ್ಕೆ ಹತ್ತು ಸಲ ಬರೆಯುವ ವಾಕ್ಯವದು. ಓದುವವನಿಗೆ ಹೇಗೆ ಮೈಯೆಲ್ಲ ಉರಿಯುತ್ತದೆ ಎಂದು ಅಷ್ಟು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ತಿಳಿಯಿತು.

ಅಷ್ಟರಲ್ಲಿ ಮಾಲ ಬಂದೇಬಿಟ್ಟಳು. ಮಳೆಯೂ ಬಂತು. ಅವಳು ಹಿತ್ತಲಿಗೆ ಹೊರಟಾಗಲೆಲ್ಲ ನಾನು ಕೊಡೆ ಹಿಡಿದು ಹಿಂದೆ ಹೋಗುತ್ತಿದ್ದೆ. ಕಲ್ಲಿನ ಪಾಚಿಯನ್ನು ದಿನಾ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದೆ. ಆದರೂ ಒಂದು ಬೆಳಿಗ್ಗೆ ಅವಳ ಕಾಲು ಜಾರಿತು. ಬಟ್ಟೆ ಒಗೆಯುವ ಕಲ್ಲು ಕೈಗೆ ಸಿಕ್ಕಿತು, ಬೀಳಲಿಲ್ಲ. “ಏನಾಗಿಲ್ಲ ಬಿಡಪ್ಪ” ಎಂದು ನಕ್ಕಳು, ಆದರೆ ತುಟಿ ಬಿಳಿಚಿತ್ತು. ನನ್ನ ಕಾಯಿದೆಗೆ ನಾನೇ ಶಾಪ ಹಾಕಿದೆ. ಆದರೂ ಕೆಲಸ ಶುರು ಮಾಡು ಎಂದು ನಂಜುಂಡಪ್ಪನಿಗೆ ಹೇಳಲು ಬಾಯಿ ಬರಲಿಲ್ಲ, ನೋಡಿ. ಸೀದಾ ಕಚೇರಿಗೆ ಹೋಗಿ ಇಂಜಿನಿಯರ್ ಮುಂದೆ ನಿಂತು ಎಲ್ಲ ಹೇಳಿಕೊಂಡೆ. ಅವರು ಸಜ್ಜನ. “ನಾಳೇನೇ ಬಂದು ಜಾಗ ನೋಡ್ತೀನಿ” ಎಂದರು.

ಬಂದರು ಕೂಡ. ಟೇಪು ಹಿಡಿದು ಅಳೆದರು, ನಕ್ಷೆ ನೋಡಿದರು, “ಇಷ್ಟು ನೀಟಾಗಿ ಯಾರೂ ಮಾಡಲ್ಲ ಸಾರ್” ಎಂದರು. ವಿಶಾಲು ಕೇಳಿಸಿಕೊಂಡಳೋ ಇಲ್ಲವೋ ಎಂದು ನಾನು ಅಡುಗೆಮನೆಯತ್ತ ತಿರುಗಿ ನೋಡಿದೆ. “ಈಗಿರೋ ನೀರಿನ ಕನೆಕ್ಷನ್ ಒಂದು ತೋರಿಸ್ಬಿಡಿ” ಎಂದರು. ಅಂದು ನೀರು ಬಿಡುವ ದಿನ. ನಾನು ಉತ್ಸಾಹದಿಂದ ಗೇಟಿನ ಬಳಿ ಕರೆದೊಯ್ದು ಸ್ವಿಚ್ ಒತ್ತಿದೆ. ಮೋಟಾರು ಗುರ್ ಎಂದಿತು, ತೊಟ್ಟಿಗೆ ನೀರು ಧೋ ಎಂದು ಸುರಿಯಿತು.

“ಹೆಂಗಿದೆ ಸಾರ್ ಫೋರ್ಸು?” ಎಂದೆ.

ಅವರು ಬಗ್ಗಿ ನೋಡಿದರು. “ಮೋಟಾರು ಎಲ್ಲಿಗೆ ಕೊಟ್ಟಿದೀರಾ?”

“ಡೈರೆಕ್ಟ್ ರಸ್ತೆ ಪೈಪಿಗೇ. ಇಲ್ಲಾಂದ್ರೆ ನೀರೆಲ್ಲಿ ಬರುತ್ತೆ?”

“ರಸ್ತೆ ಪೈಪಿಂದ ಮೋಟಾರಲ್ಲಿ ಎಳೆಯೋದು ಅಪರಾಧ, ಗೊತ್ತಿಲ್ವಾ ಸಾರ್?”

ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ನಮ್ಮ ರಸ್ತೆಯಲ್ಲಿ ಗೃಹಪ್ರವೇಶಕ್ಕೆ ಹಾಲುಕ್ಕಿಸುವುದು ಹೇಗೋ, ರಸ್ತೆ ಪೈಪಿಗೆ ಮೋಟಾರು ಹಾಕುವುದೂ ಹಾಗೆಯೇ; ಅದಕ್ಕೂ ಒಂದು ಕಾಯಿದೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹದಿನೈದು ವರ್ಷ ದಿನ ಬಿಟ್ಟು ದಿನ ಅಪರಾಧ ಮಾಡಿಕೊಂಡು, ಕಾಂಪೌಂಡಿನಾಚೆಗೆ ನಾಗರಿಕ ಜವಾಬ್ದಾರಿ ಬೋಧಿಸಿದ್ದೆ. ಅಡುಗೆಮನೆಯಲ್ಲಿ ವಿಶಾಲು ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ.

ಮೋಟಾರನ್ನು ಅಂದೇ ಬಿಚ್ಚಿಸಿದೆ. ತೊಟ್ಟಿಯಲ್ಲಿ ತುಂಬಿದ್ದ ನೀರಿನಲ್ಲೇ ದಿನ ದೂಡಿದೆವು. ಪರವಾನಗಿ ಕೈಗೆ ಬಂದದ್ದು ಮಾಲ ಆಸ್ಪತ್ರೆಗೆ ಸೇರಿದ ದಿನ. ಹೇಳಿದಂತೆ ನಂಜುಂಡಪ್ಪ ನಾಲ್ಕೇ ದಿನದಲ್ಲಿ ಮುಗಿಸಿದ. ಮೊಮ್ಮಗ ಮನೆಗೆ ಬರುವ ಹೊತ್ತಿಗೆ ನಲ್ಲಿಗಳು ಫಳಫಳ ಹೊಳೆಯುತ್ತಿದ್ದವು. ಎಲ್ಲವೂ ಕ್ರಮಬದ್ಧ, ನೀರೊಂದು ಬರಲಿಲ್ಲ. ಇಡೀ ರಸ್ತೆಯ ಮೋಟಾರುಗಳು ಎಳೆದುಕೊಂಡ ಮೇಲೆ ನಮ್ಮ ಪೈಪಿಗೆ ಉಳಿಯುತ್ತಿದ್ದದ್ದು ಬರೀ ಗಾಳಿ. ಒಲೆ ಹಚ್ಚಿ ಕೂತಿದ್ದ ವಿಶಾಲು ಖಾಲಿ ಹಂಡೆಯನ್ನೂ ನನ್ನನ್ನೂ ಒಂದೇ ರೀತಿ ನೋಡಿದಳು.

ಕಾಂಪೌಂಡಿನಾಚೆಯಿಂದ ಹಸಿರು ಹೋಸ್ ಪೈಪೊಂದು ಇಳಿದು ಬಂತು. ಹಿಂದೆಯೇ ಬೋರಣ್ಣನ ತಲೆ. “ಮೊದ್ಲು ಮಗೂಗೆ ನೀರು ಹುಯ್ಕೊಳ್ಳಿ ಸಾರ್. ರೂಲ್ಸು ಆಮೇಲೆ ನೋಡ್ಕೊಳ್ಳೋಣ.” ಪೈಪಿನ ತುದಿಯನ್ನು ನಾನೇ ಹಂಡೆಗೆ ಹಿಡಿದೆ. ಆಚೆ ಅವರ ಮೋಟಾರು ರಸ್ತೆಯ ನೀರನ್ನು ಗುರ್ ಎಂದು ಎಳೆಯುತ್ತಿತ್ತು.

ಪರವಾನಗಿಗೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದೇನೆ. ನೀರು ಬಿಡುವ ದಿನ ಬೆಳಿಗ್ಗೆ ಅದರ ಕೆಳಗೇ ಪೇಪರ್ ಓದುತ್ತ ಕೂರುತ್ತೇನೆ. ಏಳು ಗಂಟೆಯಾದರೂ ಪಕ್ಕದ ಮನೆಯಿಂದ ಸದ್ದು ಕೇಳದಿದ್ದರೆ ಎದ್ದು ಹೋಗಿ ಕಾಂಪೌಂಡಿನ ಮೇಲೆ ಮೊಣಕೈ ಊರುತ್ತೇನೆ: “ಬೋರಣ್ಣ, ಯಾಕೆ ಇವತ್ತು ಇನ್ನೂ ಮೋಟಾರು ಹಾಕಿಲ್ಲ?”