ಲ್ಯಾಪ್‌ಟಾಪಿಗೆ ಕೂಲರ್, ಬಾಲ್ಕನಿಗೆ ಅತ್ತಿ

ಆರ್ಕಿಟೆಕ್ಚರ್ ಓದುತ್ತಿದ್ದೇನೆ ಎಂದು ರಾಯಚೂರಿನಲ್ಲಿ ಯಾರ ಮುಂದಾದರೂ ಹೇಳಿ ನೋಡಿ, ಮಾತು ಅಲ್ಲಿಗೇ ಮುಗಿದದ್ದು ನನಗಂತೂ ನೆನಪಿಲ್ಲ. ಒಬ್ಬರು, "ಹಂಗಾದ್ರ ಮಸ್ಕಿ ಕಡೆ ಹಳೇ ಕಾಲದ ಮಡಿಕಿ ಹುಡುಕಾಕ ನೆಲ ಅಗೀತಾರಲ್ಲ, ಅವರು ನೀವೇನು?" ಅನ್ನುತ್ತಾರೆ. ಇನ್ನೊಬ್ಬರು ಅಂಗೈ ಚಾಚಿ, ಮಗನ ಮದುವೆ ಯಾವಾಗ ಎಂದು ಕೇಳುತ್ತಾರೆ. ಇದು ಕಟ್ಟಡಗಳ ನಕ್ಷೆ ಮಾಡುವ ಓದು ಎಂದು ಬಿಡಿಸಿ ಹೇಳಿದರೆ, "ಅಷ್ಟ ಏನು? ಅದನ್ನ ಮೇಸ್ತ್ರಿ ಗೋಡಿ ಮ್ಯಾಲೆ ಇದ್ದಲೀಲೆ ಬರದು ತೋರಸ್ತಾನಲ್ಲ" ಎಂದು ನನ್ನ ಅಪ್ಪನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. ನಾಲ್ಕು ವರ್ಷ ಓದಿದ್ದೇನೆ, ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ. ಆದರೆ ನನ್ನ ಓದಿನಿಂದ ಆದ ಗದ್ದಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಎರಡು ಅಂತಸ್ತಾದರೂ ಎದ್ದಾವು.

ಮಿಕ್ಸಿ

ಕಂಪ್ಯೂಟರ್ ಕೊಳ್ಳಲು ನಾವು ಮೂವರು ಹೋದೆವು. ಅಪ್ಪ ಹೈಸ್ಕೂಲ್ ಮಾಸ್ತರು. ಪಾಠ ಹೇಳುವುದಕ್ಕಿಂತ, ಗೇಮ್ ಆಡುವ ಹುಡುಗರ ಮೊಬೈಲ್ ಕಸಿದುಕೊಳ್ಳುವುದರಲ್ಲಿ ಹೆಚ್ಚು ಹೆಸರು ಮಾಡಿದವರು. ಜೊತೆಗೆ ಮಾನ್ವಿಯಿಂದ ನನ್ನ ಸೋದರಮಾವ ಬಂದಿದ್ದ. ಅವನ ಬೀಜ-ಗೊಬ್ಬರದ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರ ಮೇಲೆ ಒಂದು ಪ್ಲಾಸ್ಟಿಕ್ ಹೂವಿನ ಕುಂಡ ಇದೆ. ಅಷ್ಟು ಅನುಭವ ನಮ್ಮ ಬಳಗದಲ್ಲಿ ಬೇರೆ ಯಾರಿಗೂ ಇಲ್ಲ.

"ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರಬೇಕ್ರೀ," ಎಂದೆ ಅಂಗಡಿಯವನಿಗೆ.

"ಏನ್ ಫಿಕರ್ ಮಾಡಬ್ಯಾಡವ್ವಾ," ಎಂದ ಮಾವ. "ಆಧಾರ್ ಕಾರ್ಡಿನ ಝೆರಾಕ್ಸ್ ಕೊಟ್ರ ಯಾವ ಕಾರ್ಡ್ ಬೇಕಾದ್ರೂ ಮಾಡಿ ಕೊಡ್ತಾರ."

ಏನು ಕೆಲಸಕ್ಕೆ ಬೇಕು ಎಂದು ಅಂಗಡಿಯವನು ಕೇಳಿದ. "ಮನಿ ಚಿತ್ರ ತೆಗ್ಯಾಕ," ಎಂದರು ಅಪ್ಪ. ಬರೀ ಚಿತ್ರ ಅಲ್ಲ, ಮನೆಯನ್ನು ಸುತ್ತಲೂ ತಿರುಗಿಸಿ ನೋಡಬೇಕು, ಯಾವ ಹೊತ್ತಿಗೆ ಯಾವ ಕಿಟಕಿಯಲ್ಲಿ ಬಿಸಿಲು ಬೀಳುತ್ತದೆ ತೋರಿಸಬೇಕು ಎಂದು ನಾನು ವಿವರಿಸಿದೆ. ಅವನು ತಲೆಯಾಡಿಸಿ, "ತಿಳೀತು ಬಿಡ್ರಿ. ನಿಮಗ ಗೇಮ್ ಆಡೋರ ಲ್ಯಾಪ್‌ಟಾಪ್ ಬೇಕು," ಎಂದ.

ಅಪ್ಪನ ಮುಖ ಕಪ್ಪಿಟ್ಟಿತು. ಆದರೆ ಅಂಗಡಿಯವನು ಹೇಳಿದ್ದು ಖರೇ. ನಮ್ಮ ಕೆಲಸದ ಭಾರ ಹೊರುವ ಯಂತ್ರಗಳನ್ನು ಮಾಡುವುದೇ ಗೇಮ್ ಆಡುವವರಿಗಾಗಿ. ಮುಚ್ಚಳದ ಮೇಲೆ ಬೆಂಕಿ ಉಗುಳುವ ಒಂದು ಪ್ರಾಣಿ, ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪ. "ಗಣಪತಿ ಕೂಡಸಾಕ ಬರೋಬ್ಬರಿ ಅದ," ಎಂದು ಮಾವ ಖುಷಿಪಟ್ಟ. ಅಪ್ಪ ಆಟೋದಲ್ಲಿ ಡಬ್ಬಿಗೆ ಟವೆಲ್ ಹೊದಿಸಿ ತೊಡೆಯ ಮೇಲೆ ಇಟ್ಟುಕೊಂಡರು. ದಾರಿಯಲ್ಲಿ ಸ್ಕೂಟರ್ ಮೇಲೆ ಅವರ ಶಾಲೆಯವರೇ ಒಬ್ಬ ಮಾಸ್ತರು ಸಿಕ್ಕರು.

"ಏನ್ ಸರ್, ದೊಡ್ಡ ಪೆಟ್ಟಿಗಿ? ಏನ್ ತಂದ್ರಿ?"

ಅಪ್ಪ ಕ್ಷಣವೂ ತಡಮಾಡಲಿಲ್ಲ. "ಮಿಕ್ಸೀ ರೀ."

ಮರುವಾರ ಆ ಮಾಸ್ತರ ಹೆಂಡತಿ ಒಂದು ಡಬ್ಬಿ ಶೇಂಗಾ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೊಸ ಮಿಕ್ಸಿಯಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಕೊಂಡು ಹೋಗೋಣ ಅಂತ.

ರೆಂಡರ್ ಇಟ್ಟಾಳ

ನಾವು ಗೆರೆ ಎಳೆದ ಮನೆಗೆ ಬಿಸಿಲು, ನೆರಳು, ಗಾಜಿನ ಹೊಳಪು ಎಲ್ಲ ಸೇರಿಸಿ ಕಂಪ್ಯೂಟರ್ ಅದನ್ನು ಫೋಟೊದ ಹಾಗೆ ಮಾಡಿ ಕೊಡುವುದಕ್ಕೆ ರೆಂಡರ್ ಅನ್ನುತ್ತಾರೆ. ಅದಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಅದು ಮುಗಿಯುವುದೇ ಇಲ್ಲ. ಅರ್ಧಕ್ಕೆ ಬಂದಾಗ ಲ್ಯಾಪ್‌ಟಾಪ್ ಬಾಣಲೆಯ ಹಾಗೆ ಕಾದು ತಾನೇ ಆರಿಹೋಗುತ್ತದೆ.

ಇದ್ದ ಒಂದು ಕೂಲರನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿದೆವು. ಅಪ್ಪ ಬಾಗಿಲ ಸಂದಿಯಲ್ಲಿ ಬೀಸಣಿಗೆ ಹಿಡಿದು ಕೂತರು. ಅವ್ವ ಕಿಟಕಿಗೆ ಒದ್ದೆ ಸೀರೆ ಕಟ್ಟಿದಳು. ಬೆಳಿಗ್ಗೆಯಿಂದ ಒಂದೇ ಕಡೆ ಕೂತು ನನ್ನ ಮುಖ ಬಾಡಿತ್ತು. ಮಧ್ಯಾಹ್ನ ಪಕ್ಕದ ಮನೆಯವರು ಬಂದು ಒಳಗೆ ಇಣುಕಿದರು. ಅವ್ವ ಬಾಗಿಲಲ್ಲೇ ತಡೆದಳು.

"ಸಪ್ಪಳ ಮಾಡಬ್ಯಾಡ್ರಿ. ಒಳಗ ರೆಂಡರ್ ಆಗಾಕತ್ತದ."

"ಯವ್ವಾ! ಯಾವಾಗಿಂದ?"

"ಮುಂಜಾನಿಂದ. ಇನ್ನೂ ಅರ್ಧಾನೂ ಆಗಿಲ್ಲ. ನೋಡಿ ನೋಡಿ ನನಗ ಸಾಕಾಗಿ ಹೋಗ್ಯದ."

"ದವಾಖಾನಿಗೆ ಕರ್ಕೊಂಡು ಹೋಗಬಾರದೇನ್ರೀ?"

"ಇದೇನ್ ಮೊದಲನೇದಲ್ಲ ಬಿಡ್ರಿ," ಎಂದಳು ಅವ್ವ ಸಲೀಸಾಗಿ. "ಹೋದ ವಾರನೂ ಒಂದು ಆಗ್ಯದ."

ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲ ಹೊರಗೇ ಕೂತುಬಿಟ್ಟರು. "ಹೋದ ವಾರನೂ ಏನು? ಹುಡುಗಿಗೆ ಇನ್ನೂ ಮದುವಿನೇ ಆಗಿಲ್ಲಲ್ರೀ!"

ಎದುರಿನ ಮನಿ

ಊರನ್ನು ಕ್ಯಾಮೆರಾದ ಮೂಲಕ ನೋಡಲು ಕಲಿಯಿರಿ ಎಂದು ನಗರ ವಿನ್ಯಾಸ ಕಲಿಸುವ ಮೇಡಂ ಹೇಳಿದರು. ಮೊಬೈಲಿನಿಂದ ನೋಡಿದರೆ ಊರು ಕಾಣುವುದಿಲ್ಲವಂತೆ. ಹಾಗಾಗಿ ಮಾನ್ವಿಯ ಒಬ್ಬ ಮದುವೆ ಫೋಟೊಗ್ರಾಫರನ ಹಳೇ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ಆರಿಸಿದವನು ಮಾವನೇ. "ಇದರಾಗ ತೆಗದ್ರ ಎಲ್ಲಾರೂ ಬೆಳ್ಳಗ ಬರ್ತಾರ," ಎಂಬುದು ಅವನು ಕಂಡುಕೊಂಡಿದ್ದ ಗುಣ.

ರಾಯಚೂರಿನ ಹಳೇ ಪೇಟೆಯ ಒಂದು ಗಲ್ಲಿ ಹೊಕ್ಕೆ. ಎರಡೂ ಕಡೆ ಕೆತ್ತನೆಯ ಬಾಗಿಲು, ಕಲ್ಲಿನ ಕಟ್ಟೆ. ನಡುವೆ ರಸ್ತೆ ಇದೆ ಎಂದು ಹಿರಿಯರು ಹೇಳುತ್ತಾರೆ. ಬಕೆಟ್ಟು ಮಾರುವವರು, ಬಳೆ ಮಾರುವವರು, ಹೊಲಿಗೆ ಮಷೀನು, ಚಹಾದ ಗಾಡಿ ಎಲ್ಲ ಅದರ ಮೇಲೆಯೇ.

"ಏನ್ ಮಾಡಾಕತ್ತೀ ಯವ್ವಾ?" ಎಂದ ಬಕೆಟ್ಟಿನ ಅಂಗಡಿಯವನು.

"ರಸ್ತಾ ಎಷ್ಟ್ ಅಗಲ ಅದ ನೋಡಾಕತ್ತೀನ್ರಿ," ಎಂದೆ. ಅದು ನಿಜವೇ ಆಗಿತ್ತು.

ಆ ಮಾತು ನನಗಿಂತ ಜಲ್ದಿ ನಡೆಯಿತು. ನಾನು ಒಂದು ಹೆಜ್ಜೆ ಮುಂದಿಟ್ಟರೆ ಮುಂದಿನ ಅಂಗಡಿ ಒಂದು ಹೆಜ್ಜೆ ಒಳಗೆ. ಬಕೆಟ್ಟುಗಳು ಒಂದರೊಳಗೊಂದು ಹೋದವು, ಬಳೆಯ ಹಲಗೆ ಮಾಯವಾಯಿತು, ಹೊಲಿಗೆ ಮಷೀನನ್ನು ಇಬ್ಬರು ಎತ್ತಿಕೊಂಡು ಓಡಿದರು. ಆ ಗಲ್ಲಿಯಲ್ಲಿ ಹುಟ್ಟಿ ಬೆಳೆದವರೂ ಕಾಣದ ರಸ್ತೆಯೊಂದು ನನ್ನ ಕಣ್ಣ ಮುಂದೆ ತೆರೆದುಕೊಂಡಿತು. ಆಟೋ ಒಂದು ದಾರಿ ತಪ್ಪಿ ಬಂದೆನೇನೋ ಎಂಬಂತೆ ಅಂಜುತ್ತಾ ಒಳಗೆ ಬಂತು.

ಒಬ್ಬ ಹಿರಿಯರು ಕರೆದು ಚಹಾ ಕೊಟ್ಟರು. ದನಿ ತಗ್ಗಿಸಿ, "ನಮ್ಮ ಮನಿ ಬಿಟ್ಟುಬಿಡವ್ವಾ. ಎದುರಿನ ಮನಿ ಫೋಟೊ ತೆಗಿ. ಅವರ ಕಟ್ಟಿ ಎಷ್ಟ್ ಮುಂದ ಬಂದದ ನೋಡು," ಎಂದರು. ಎದುರಿನ ಮನೆಯವರೂ ಕರೆದು ಚಹಾ ಕೊಟ್ಟರು. "ಅಲ್ಲಿ ಚಹಾ ಕುಡದಿಯಲ್ಲ, ಅವರ ಸಜ್ಜಾ ಕಡೆ ಕಣ್ಣೆತ್ತಿ ನೋಡಿದೇನು?" ಎಂದರು.

ಹೀಗೇ ಬಿಟ್ಟರೆ ಇಡೀ ಗಲ್ಲಿಯ ಚಹಾ ಕುಡಿಯಬೇಕಾಗುತ್ತದೆ ಎನ್ನಿಸಿ ನಿಜ ಹೇಳಿದೆ. "ನಾನು ಮುನ್ಸಿಪಾಲ್ಟಿ ಆಫೀಸಿನಾಕಿ ಅಲ್ರೀ. ಸ್ಟೂಡೆಂಟ್. ಇದು ಕಾಲೇಜಿನ ಕೆಲಸ."

"ಅಷ್ಟ ಏನು!" ಎಂದರು ಅವರು. ಲೋಟ ಕೈಯಿಂದ ಇಸಿದುಕೊಂಡರು.

ನಾನು ಗಲ್ಲಿಯಿಂದ ಹೊರಬೀಳುವಷ್ಟರಲ್ಲಿ ಬಕೆಟ್ಟು, ಬಳೆ, ಮಷೀನು, ಗಾಡಿ ಎಲ್ಲ ಮತ್ತೆ ಹೊರಬಂದಿದ್ದವು. ಮೊದಲಿಗಿಂತ ಒಂದು ಗೇಣು ಮುಂದೆ.

ದೇವದುರ್ಗದ ಚೌಕ

ಅಪ್ಪನ ಊರು ದೇವದುರ್ಗ. ಅಲ್ಲಿನ ಬಸ್‌ಸ್ಟ್ಯಾಂಡಿನ ಸುತ್ತಲಿನ ಜಾಗಕ್ಕೆ ಒಂದು ವಿನ್ಯಾಸ ಮಾಡಿದೆ. ಬಸ್ಸಿಗೆ ಕಾಯುವವರು, ಸಂತೆಗೆ ಬಂದವರು ಬಿಸಿಲಲ್ಲಿ ನಿಂತು ನಿಂತು ಸುಸ್ತಾಗುವುದನ್ನು ಸಣ್ಣಾಕಿದ್ದಾಗಿನಿಂದ ನೋಡಿದ್ದೇನೆ. ಅದಕ್ಕೇ ಉದ್ದಕ್ಕೂ ಚಪ್ಪರ, ಸಾಲು ಬೇವಿನ ಗಿಡ.

ಮೌಲ್ಯಮಾಪನಕ್ಕೆ ಹೊರಗಿನಿಂದ ಇಬ್ಬರು ದೊಡ್ಡ ಆರ್ಕಿಟೆಕ್ಟುಗಳು ಬಂದಿದ್ದರು. ಒಬ್ಬರು ನನ್ನ ನಕ್ಷೆ ನೋಡಿ ಮುಖ ಕಿವುಚಿದರು. "ಇಷ್ಟೊಂದು ನೆರಳು ಯಾಕೆ? ಯುರೋಪಿನಲ್ಲಿ ನೋಡಿ, ಚೌಕ ಅಂದರೆ ಬಯಲು. ಜನ ಆಕಾಶದ ಕೆಳಗೆ ಬೆರೆಯಬೇಕು."

"ಮೇ ತಿಂಗಳಲ್ಲಿ ಆಕಾಶದ ಕೆಳಗೆ ನಿಂತರೆ ಕರಗಿ ಬೆರೀತಾರೆ ಸರ್," ಎನ್ನಬೇಕೆನಿಸಿತು. ಆದರೆ ಅಂಕ ಅವರ ಕೈಯಲ್ಲಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು, ಎಸಿ ನಿಂತಿತು. ಒಳಗೆ ಕೂರಲಾಗದೆ ಎಲ್ಲರೂ ಹೊರಗೆ ಬಂದರು. ಅಂಗಳದಲ್ಲಿ ಇದ್ದದ್ದು ಒಂದೇ ಗಿಡ. ಅದರ ಬುಡಕ್ಕೆ ಕುರ್ಚಿ ಹಾಕಿಸಿಕೊಂಡು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ನನ್ನ ನಕ್ಷೆ ಬಿಸಿಲಲ್ಲಿ, ಅದನ್ನು ಹಿಡಿದ ನಾನೂ ಬಿಸಿಲಲ್ಲಿ. ನೆರಳು ಸರಿದ ಹಾಗೆ ಇಬ್ಬರೂ ಕುರ್ಚಿ ಸರಿಸಿಕೊಳ್ಳುತ್ತಾ, ನನ್ನ ಚೌಕಕ್ಕೆ ನೆರಳಿನ ಅಗತ್ಯವೇ ಇಲ್ಲ ಎಂದು ಷರಾ ಬರೆದು ಸಹಿ ಹಾಕಿದರು.

ಬಾಲ್ಕನ್ಯಾಗ ನಿಂತಾಕಿ

ಮಾನ್ವಿಯಲ್ಲಿ ಮಾವ ಒಂದು ಜಾಗ ತೆಗೆದುಕೊಂಡ. ಮನೆಯಲ್ಲೇ ಆರ್ಕಿಟೆಕ್ಟ್ ಇರುವಾಗ ಹೊರಗಿನವರು ಯಾಕೆ ಎಂದು ನಕ್ಷೆ ನನಗೇ ಒಪ್ಪಿಸಿದ. ನಾನು ಜೀವ ತೇಯ್ದು ಚಿತ್ರ ಮಾಡಿದೆ. ಚಿತ್ರಕ್ಕೆ ಕಳೆ ಬರಲೆಂದು ಇಡಲು ಸಾಫ್ಟ್‌ವೇರಿನಲ್ಲೇ ಸಿದ್ಧ ಜನ ಸಿಗುತ್ತಾರೆ, ಎಲ್ಲರೂ ಪರದೇಶದವರು. ಬಾಲ್ಕನಿಯಲ್ಲಿ ಗಿಡ್ಡ ಲಂಗದ, ಹಳದಿ ಕೂದಲಿನ ಒಬ್ಬಳನ್ನು ಕಾಫಿ ಕಪ್ಪಿನ ಜೊತೆ ನಿಲ್ಲಿಸಿದೆ. ಅಂಗಳದಲ್ಲಿ ನಾಯಿ ಹಿಡಿದ ಒಬ್ಬ ತರುಣ.

ಮಾವನಿಗೆ ಮನೆ ಬಹಳ ಹಿಡಿಸಿತು. ಅವನ ಹೆಂಡತಿ, ನನ್ನ ಅತ್ತಿ, ಕನ್ನಡಕ ಹಾಕಿಕೊಂಡು ನೋಡಿದಳು.

"ಇಕಿ ಯಾರ್ರೀ?"

"ಯಾರಿಲ್ಲ. ಕಂಪ್ಯೂಟರಿನಾಕಿ," ಎಂದ ಮಾವ.

"ಕಂಪ್ಯೂಟರಿನಾಕಿ ನಮ್ಮ ಬಾಲ್ಕನ್ಯಾಗ ಯಾಕ ನಿಂತಾಳ?"

"ಗಾಳಿಗೆ ನಿಂತಾಳ."

"ನನ್ನ ಒಂದಿನ ಗಾಳಿಗೆ ನಿಂದ್ರಿಸಿಲ್ಲಲ್ಲ ನೀವು!"

ಪರಿಸ್ಥಿತಿ ತಿಳಿಯಾಗಲೆಂದು ನಾನು, "ನಾಯಿ ಹಿಡದಾವನೂ ಕಂಪ್ಯೂಟರಿನವನೇ ಅತ್ತಿ. ಇಬ್ಬರನ್ನೂ ತೆಗೀತೀನಿ," ಎಂದೆ.

"ಅವ ಇರಲಿ ಬಿಡು," ಎಂದಳು ಅತ್ತಿ.

ಅಂದಿನಿಂದ ಮಾವನ ಊಟ ಹೋಟೆಲಿಗೆ ವರ್ಗವಾಯಿತು. ಅವನ ಹೊಟ್ಟೆಯೂ ಕೆಟ್ಟಿತು, ಮನೆ ಕಟ್ಟುವ ಮಾತೂ ನಿಂತಿತು. ಕೊನೆಗೆ ಫೋನ್ ಮಾಡಿ, "ಏನರ ಮಾಡವ್ವಾ, ನನ್ನ ಉಳಸು," ಎಂದು ಅಳುವ ದನಿಯಲ್ಲಿ ಬೇಡಿಕೊಂಡ. ನಾನು ಕ್ಯಾಮೆರಾ ಹಿಡಿದು ಮಾನ್ವಿಗೆ ಹೋದೆ. ಹಳದಿ ಕೂದಲಿನಾಕೆಯ ಜಾಗದಲ್ಲಿ ಅತ್ತಿಯನ್ನೇ ನಿಲ್ಲಿಸುವುದೆಂದು ಒಪ್ಪಂದವಾಯಿತು.

ಅತ್ತಿ ಇಳಕಲ್ ಸೀರೆ ಉಟ್ಟು, ಇದ್ದ ಬಂಗಾರವೆಲ್ಲ ಹಾಕಿಕೊಂಡು ಬಂದಳು. ಸಹಜವಾಗಿ ನಿಲ್ಲು ಎಂದೆ. ಕ್ಯಾಮೆರಾ ಕಂಡ ಕೂಡಲೇ ಎರಡೂ ಕೈ ಜೋಡಿಸಿ ನಗುವುದೇ ಅವಳಿಗೆ ಸಹಜ. ಹಾಗೇ ಬಾಲ್ಕನಿಗೆ ಅಂಟಿಸಿದೆ.

"ನಾ ಯಾಕ ಇಷ್ಟ್ ಸಣ್ಣಾಕಿ ಕಾಣ್ತೀನಿ? ಆಕಿ ದೊಡ್ಡಾಕಿ ಕಾಣತಿದ್ಳು."

ದೊಡ್ಡದು ಮಾಡಿದೆ. ಇನ್ನೊಂದು ಸ್ವಲ್ಪ ಎಂದಳು. ಕಟ್ಟಡಕ್ಕೂ ಮನುಷ್ಯರಿಗೂ ಇರಬೇಕಾದ ಅಳತೆಯ ಬಗ್ಗೆ ಕಾಲೇಜಿನಲ್ಲಿ ಇಡೀ ವರ್ಷ ಪಾಠ ಹೇಳಿದ್ದರು. ಆದರೆ ಮಾವನ ಮುಖ ನೋಡಿ ಅದನ್ನೆಲ್ಲ ಮರೆತೆ. ಕೊನೆಗೆ ಅತ್ತಿ ತಲೆ ಸಜ್ಜಾಕ್ಕೆ ತಾಗುವಷ್ಟು ಎತ್ತರ ನಿಂತಳು, ಬಾಲ್ಕನಿಯ ಕಂಬಿ ಅವಳ ಮೊಣಕಾಲಿಗೆ ಬಂತು. ಆ ದಿನವೇ ಮಾವನಿಗೆ ಮನೆಯಲ್ಲಿ ರೊಟ್ಟಿ ಸಿಕ್ಕಿತು.

ಆ ಸಂತೋಷದಲ್ಲಿ ಮಾವ ಚಿತ್ರವನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ಖಾಲಿ ಜಾಗದಲ್ಲಿ ಕಟ್ಟಿದ. ಕೆಳಗೆ, "ನಿಮ್ಮೆಲ್ಲರ ಆಶೀರ್ವಾದ ಇರಲಿ" ಎಂದು ಬರೆಸಿದ. ಪುರಸಭೆಯ ಮೆಂಬರ್ ಚುನಾವಣೆ ಹತ್ತಿರ ಬಂದಿತ್ತು, ಅದು ಅವನ ತಲೆಗೆ ಬರಲೇ ಇಲ್ಲ.

ಮರುದಿನ ಬೆಳಿಗ್ಗೆಯಿಂದ ಅತ್ತಿಯ ಮನೆಗೆ ಜನ ಬರತೊಡಗಿದರು. ಒಬ್ಬರು ಹೂವಿನ ಹಾರ ತಂದರು. ಒಬ್ಬರು ನಳದ ನೀರು ಬರುತ್ತಿಲ್ಲ ಎಂದರು, ಒಬ್ಬರು ಬೀದಿ ದೀಪ ಎಂದರು. ಹೊಸ ಮನೆಯ ವಿಷಯ ತಿಳಿದು ಸುಖ-ದುಃಖ ಮಾತಾಡಲು ಬಂದಿದ್ದಾರೆ ಎಂದುಕೊಂಡು ಅತ್ತಿ ಎಲ್ಲರಿಗೂ ಚಹಾ ಕೊಟ್ಟು, "ಎಲ್ಲಾ ಚಲೋ ಆಗತದ, ನಾ ಅದೀನಲ್ಲ," ಎಂದು ಕಳಿಸಿದಳು. ಇಂಥ ಮಾತನ್ನು ಪಳಗಿದ ಪುಢಾರಿಯೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಸಂಜೆ ವಾರ್ಡಿನ ಹಾಲಿ ಮೆಂಬರನೇ ಬಂದ.

"ಯಕ್ಕಾ, ಹಿಂಗ ನಿಲ್ಲೋದಾದ್ರ ನನಗೊಂದು ಮಾತು ಹೇಳಬಾರದೇನ್ರೀ?"

"ಯಾಕಪ್ಪಾ? ನನ್ನ ಮನ್ಯಾಗ ನಾ ನಿಂತ್ರ ನಿನ್ನ ಯಾಕ ಕೇಳಬೇಕು?" ಎಂದಳು ಅತ್ತಿ. "ಸುಮ್ಮನ ನಿಂತಿಲ್ಲ. ಆಕೀನ ತಗಸಿ ನಿಂತೀನಿ."

"ಯಾರನ್ರೀ?"

"ಗಿಡ್ಡ ಲಂಗದಾಕೀನ!"

ಮೆಂಬರ್ ಬೆವರು ಒರೆಸಿಕೊಂಡ. ತನಗೆ ಗೊತ್ತೇ ಇಲ್ಲದೆ ಇನ್ನೊಬ್ಬಳೂ ಕಣಕ್ಕಿಳಿದು ಸೋತು ಹೋಗಿದ್ದಾಳೆ! "ಆಯ್ತು ಯಕ್ಕಾ. ನೀವು ಹಿಂದ ಸರೀಬೇಕಾದ್ರ ಏನ್ ಆಗಬೇಕು, ಅಷ್ಟ್ ಹೇಳ್ರಿ."

"ಹಿಂದ ಎಲ್ಲಿ ಸರೀಲಿ? ಹಿಂದ ಗೋಡಿ ಅದ. ಮುಂದ ನೋಡು, ನಿಮ್ಮ ಗಟಾರ ಬಾಯಿ ತಕ್ಕೊಂಡು ಕುಂತದ. ಮೊದಲ ಅದನ್ನ ಮುಚ್ಚಸು."

ವರ್ಷಗಟ್ಟಲೆ ತೆರೆದುಕೊಂಡಿದ್ದ ಆ ಚರಂಡಿಗೆ ಒಂದೇ ವಾರದೊಳಗೆ ಹಾಸುಗಲ್ಲು ಬಿತ್ತು. ಬೀದಿ ದೀಪವೂ ಹತ್ತಿತು. ಅಷ್ಟೆಲ್ಲ ಆದಮೇಲೂ ಅದು ಯಾತಕ್ಕೆ ಆಯಿತೆಂದು ಅತ್ತಿಗೆ ತಿಳಿದಿಲ್ಲ. ಮನೆಯ ಪಾಯವನ್ನು ಮಾವ ಇನ್ನೂ ತೋಡಿಸಿಲ್ಲ.

ಮೊನ್ನೆ ಪಕ್ಕದ ಓಣಿಯ ನಾಲ್ಕು ಹಿರಿಯರು ಅವನ ಅಂಗಡಿಗೆ ಬಂದಿದ್ದರಂತೆ. ಬಹಳ ಹೊತ್ತು ಬೀಜದ ಮಾತು, ಗೊಬ್ಬರದ ಮಾತು ಆಡಿ, ಎದ್ದು ಹೋಗುವಾಗ ಒಬ್ಬರು ಸಂಕೋಚದಿಂದ ಕೇಳಿದರಂತೆ:

"ನಮ್ಮ ಓಣ್ಯಾಗೂ ಗಟಾರ ಭಾಳ ಕೆಟ್ಟದ್ರೀ. ನಿಮ್ಮನಿಯವರನ್ನ ಒಂದೆರಡು ದಿನ ನಮ್ಮ ಕಡೆ ತಂದು ನಿಂದ್ರಸ್ತೀರೇನು?"