ದವಡೆಯ ನರಕ್ಕೆ ಮೂರು ಫೋಟೋ

ಯಾರನ್ನೂ ನಗಿಸಬೇಕೆಂದು ನಾನು ಏನನ್ನೂ ಮಾಡಿದವನಲ್ಲ. ದೇವರ ಹೆಸರು ಹೇಳಿಕೊಂಡು ನೆಟ್ಟಗೆ ಹೊರಟರೂ ಇಂಥವು ನನ್ನ ಕಾಲಿಗೇ ತೊಡರುತ್ತವೆ. ಎಂಬತ್ತರ ದಶಕದ ಮಾತು. ಚಿಕ್ಕೇರೂರಿನ ನಮ್ಮ ಗುಡಿಯಲ್ಲಿ ದಿನಾ ಬೆಳಗಿನ ಪೂಜೆಗೆ ಶಂಖ ಊದುವುದು ನನ್ನ ಸೇವೆ. ಕೆಳಗಿನ ಕಡೇ ದವಡೆಹಲ್ಲು ಕೆಟ್ಟಿತು. ಹಾನಗಲ್ಲಿನ ಹಲ್ಲಿನ ಡಾಕ್ಟರು, "ಕೀಳಬೇಕ್ರಿ. ಆದ್ರ ಬೇರಿನ ಕೆಳಗ ತುಟಿಗೆ ಹೋಗೂ ನರ ಐತಿ. ಅದಕ್ಕ ಪೆಟ್ಟು ಬಿದ್ರ ತುಟಿ ಜೋಮು ಹಿಡಿದು ಹಂಗ ಉಳೀಬಹುದು. ಮೊದಲ ಫೋಟೋ ತಗದು ನರ ಎಲ್ಲೈತಿ ನೋಡೂಣು" ಅಂದರು.

ಜೋಮು ಹಿಡಿದ ತುಟಿಯಲ್ಲಿ ಶಂಖ ಊದುವುದು ಹೇಗೆ?

೧. ಅಂಚೆಚೀಟಿಯಷ್ಟು ಫಿಲ್ಮು

ಫೋಟೋ ಅಂದಮೇಲೆ ಕ್ಷೌರ ಮಾಡಿಸಿ, ವಿಭೂತಿ ಹಚ್ಚಿ, ಜರಿ ರುಮಾಲು ಸುತ್ತಿ ಹೋದೆ. ಡಾಕ್ಟರು ಅಂಚೆಚೀಟಿಯಷ್ಟು ಎಕ್ಸ್‌ರೇ ಫಿಲ್ಮನ್ನು ಬಾಯೊಳಗಿಟ್ಟು, ನನ್ನ ಬೆರಳಿನಿಂದಲೇ ಒತ್ತಿ ಹಿಡಿಸಿದರು. ಹಲ್ಲು ಚೊಕ್ಕ ಬಂತು. ಬೇರಿನ ತುದಿಗೇ ಫಿಲ್ಮು ಮುಗಿದು, ನರ ಹೊರಗೆ ಉಳಿಯಿತು. ಮನೆಯಾಕೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

"ರುಮಾಲು ಯಾಕ ಸುತ್ಕೊಂಡು ಹೋಗಿದ್ರಿ? ಮಾರೀನ ಬಂದಿಲ್ಲ!"

೨. ಶಿಗ್ಗಾಂವಿಯ ಪ್ಲೇಟು

ನರ ಕಾಣಲಿಲ್ಲವೆಂದು ಡಾಕ್ಟರು ಶಿಗ್ಗಾಂವಿಗೆ ಕಳಿಸಿದರು. ಅಲ್ಲಿ ದೊಡ್ಡ ಪ್ಲೇಟನ್ನು ಕೆನ್ನೆಗೆ ಒತ್ತಿ ಪಕ್ಕದಿಂದ ತೆಗೆಯುತ್ತಿದ್ದರು. "ಮೈಮ್ಯಾಲಿನ ಬೆಳ್ಳಿ ಬಂಗಾರ ತಗೀರಿ" ಅಂದರು. ಉಂಗುರ ತೆಗೆದೆ, ಉಡದಾರ ತೆಗೆದೆ. ಕೊರಳಲ್ಲಿ ತೂಗುವ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬೆಳ್ಳಿ ಎಂದು ನಾನು ಎಣಿಸಿರಲಿಲ್ಲ. ಯಂತ್ರ ಗುಂಯ್ ಎಂದೊಡನೆ ಹೆದರಿ, ಅದನ್ನೇ ಎರಡೂ ಕೈಯಲ್ಲಿ ಗದ್ದಕ್ಕೆ ಅವಚಿಕೊಂಡೆ.

ಹಾನಗಲ್ಲಿನ ಡಾಕ್ಟರು ಪ್ಲೇಟು ನೋಡಿ ಗಾಬರಿಯಾದರು. ನರ ಇರಬೇಕಾದ ಜಾಗದಲ್ಲಿ ಬೆಳ್ಳಗೆ ಮೊಟ್ಟೆಯಾಕಾರದ ಗಡ್ಡೆ! ನಾನು ಕರಡಿಗೆ ತೋರಿಸಿದ ಮೇಲೆ ಉಸಿರು ಬಿಟ್ಟರು.

"ಯಜಮಾನ್ರ, ನರ ಎಲ್ಲೈತಿ ಅಂತ ಕೇಳಿದ್ರ, ದೇವರು ಎಲ್ಲದಾನ ಅಂತ ತೋರ್ಸೀರಲ್ರಿ!"

೩. ಸುತ್ತುವ ಯಂತ್ರ

ಕೊನೆಗೆ ಹುಬ್ಬಳ್ಳಿ. ಅಲ್ಲಿಯ ಯಂತ್ರ ತಲೆಯ ಸುತ್ತ ತಿರುಗಿ, ಎರಡೂ ದವಡೆಯನ್ನು ಒಂದೇ ಫಿಲ್ಮಿನಲ್ಲಿ ಹಾಸಿದಂತೆ ತೋರಿಸುತ್ತಿತ್ತು. ಕರಡಿಗೆಯನ್ನು ಈ ಸಲ ಮಡಿಲಲ್ಲಿಟ್ಟೆ. ಆದರೆ ಯಂತ್ರ ಎಡಕ್ಕೆ ಸುತ್ತಲು ಹೊರಟಿತು.

"ತಮ್ಮಾ, ಇದು ಅಪ್ರದಕ್ಷಿಣಿ ಆತು. ಬಲಕ್ಕ ತಿರುಗ್ಸು" ಎಂದು ಎದ್ದೇಬಿಟ್ಟೆ. ಯಂತ್ರ ನಡೆಸುವ ಹುಡುಗ ತಾಳ್ಮೆಯವನು.

"ಕುಂದರ್ರಿ ಅಜ್ಜಾರ. ಹೋಗೂವಾಗ ಫೋಟೋ ಬರತೈತಿ, ತಿರುಗಿ ಬರೂವಾಗ ಪುಣ್ಯ ಬರತೈತಿ."

೪. ಡಾಕ್ಟರ ಕೋಣೆಯಲ್ಲಿ ಶಂಖ

ಆ ಫಿಲ್ಮಿನಲ್ಲಿ ನರ ಗೆರೆ ಎಳೆದಂತೆ ಕಂಡಿತು. ಬೇರಿಗೂ ಅದಕ್ಕೂ ಕೂದಲೆಳೆಯಷ್ಟೇ ಅಂತರ. ಡಾಕ್ಟರು ಹಲ್ಲನ್ನು ತುಂಡು ತುಂಡಾಗಿ ತೆಗೆದರು. ವಾರದ ಮೇಲೆ, ಮಧ್ಯಾಹ್ನ, ಹೊಲಿಗೆ ಬಿಚ್ಚಿ ತುಟಿಗೆ ಸೂಜಿ ಮುಟ್ಟಿಸಿದರು. "ಗೊತ್ತಾಗತೈತೇನ್ರಿ?"

"ಗೊತ್ತಾಗತೈತ್ರಿ. ಆದ್ರ ನನಗ ಸೂಜಿ ಮ್ಯಾಲೆ ನಂಬಿಗಿ ಇಲ್ರಿ" ಎಂದು ಚೀಲದಿಂದ ಶಂಖ ತೆಗೆದೆ. "ಇಲ್ಲೇ ಊದಲೇನ್ರಿ?"

"ಊದ್ರಿ, ನಾನೂ ಕೇಳ್ತೇನಿ."

ಕಣ್ಣು ಮುಚ್ಚಿ ಊದಿದೆ. ತುಟಿ ಕೈಕೊಡಲಿಲ್ಲ, ಕಿಟಕಿಯ ಗಾಜು ನಡುಗುವಂತೆ ನಾದ ಬಂತು. ಕಣ್ಣಲ್ಲಿ ನೀರು ಬಂತು.

ನಮ್ಮ ಕಡೆ ಗುಡಿಯ ಪೂಜೆ ಬಿಟ್ಟರೆ ಶಂಖ ಕೇಳಿಸುವುದು ಹೆಣದ ಮುಂದೆ. ಅದು ಇಬ್ಬರಿಗೂ ನೆನಪಾಗಿದ್ದು ಹೊರಗೆ ಬಂದ ಮೇಲೆ. ಕಾಯುತ್ತ ಕೂತಿದ್ದವರ ಬೆಂಚು ಖಾಲಿ, ಬಾಗಿಲಲ್ಲಿ ಚಪ್ಪಲಿ ಮಾತ್ರ. ಮೊಣಕಾಲು ನೋವಿನ ಒಬ್ಬ ಮುದುಕಿ, ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ಹೊಸ್ತಿಲು ದಾಟುತ್ತಿದ್ದಳು.

"ಯಾರೂ ಸತ್ತಿಲ್ಲ ಬೇ ಯವ್ವಾ, ಬಾ, ನಿನ್ನ ಹಲ್ಲು ನೋಡೂಣು" ಎಂದು ಡಾಕ್ಟರು ಕರೆದರು.

ಮುದುಕಿ ತಿರುಗಿ ಕೈಮುಗಿದಳು. "ಬ್ಯಾಡೋ ಯಪ್ಪಾ. ನನ್ನ ಹಲ್ಲುನೋವು ಅವರೆಲ್ಲಾರ್ಕಿಂತ ಮೊದಲ ಓಡಿಹೋತು!"