ಮರ ಮುಟ್ಟದ ಗರಗಸ

ರಾತ್ರಿಯ ಗಾಳಿಗೆ ಮುರಿದ ಕೊಂಬೆ ಬೇರೆ ಎಲ್ಲಾದರೂ ಬೀಳಬಾರದಿತ್ತೇ? ಸರಿಯಾಗಿ ಹಲ್ಲಿನ ಡಾಕ್ಟರ ಗೇಟಿನ ಮುಂದೆ, ಬೀದಿಗೆ ಅಡ್ಡವಾಗಿ, ಉಂಡು ಮಲಗಿದ ನೆಂಟನ ಹಾಗೆ ಕೈಕಾಲು ಚಾಚಿ ಬಿದ್ದಿತ್ತು. ಹತ್ತು ಜನ ಹಿಡಿದೆಳೆದರೂ ಅಲುಗಲಿಲ್ಲ.

ಅದೂ ಪಂದ್ಯದ ದಿನ. ಹತ್ತೂವರೆಗೆ ಊರಾಚೆಯ ಮೈದಾನದಲ್ಲಿ ಮಿಷನ್ ಗರಗಸ ಸಂಘದವರು ಸೇರುತ್ತಿದ್ದರು. ಯಾರ ಗರಗಸ ದಿಮ್ಮಿಯನ್ನು ಬೇಗ ಕೊಯ್ಯುತ್ತದೋ ಅವರಿಗೆ ಬಹುಮಾನ. ಡಾಕ್ಟರು ಆರು ವರ್ಷದಿಂದ ಬರಿಗೈಯಲ್ಲಿ ಮರಳಿದ್ದರು. ಈ ಸಲ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

"ಬಹುಮಾನ ತಂದ್ರೆ ಸರಿ. ಇಲ್ಲದಿದ್ರೆ ನಾಳೆ ಬೆಳಿಗ್ಗೆ ಆ ಮಿಷನ್ನು ಗುಜರಿಗೆ. ಮಕ್ಕಳ ಯೂನಿಫಾರ್ಮೆಲ್ಲ ಪೆಟ್ರೋಲ್ ವಾಸನೆ ಹೊಡೀತಿದೆ ಕಣ್ರೀ."

ಆ ಗರಗಸಕ್ಕೆ ಡಾಕ್ಟರು ಮಾಡದ ಸೇವೆಯಿಲ್ಲ. ಸೈಲೆನ್ಸರ್ ಕಿತ್ತು ಮೊಳದುದ್ದದ ಕೊಳವೆ ಕೂರಿಸಿದ್ದರು. ಎಂಜಿನ್ನಿನ ಒಳದಾರಿಗಳನ್ನು ಉಜ್ಜಿ ಅಗಲ ಮಾಡಿದ್ದರು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಚೈನಿನ ಒಂದೊಂದು ಹಲ್ಲನ್ನೂ ಮಸೆದಿದ್ದರು. ರೋಗಿಯ ಹಲ್ಲಿಗೆ ಹತ್ತು ನಿಮಿಷವಾದರೆ ಗರಗಸದ ಹಲ್ಲಿಗೆ ಅರ್ಧ ಗಂಟೆ.

ಎದುರುಮನೆಯ ಅಜ್ಜಿ ಕೋಲೂರಿಕೊಂಡು ಬಂದರು.

"ಡಾಕ್ಟ್ರೇ, ವರ್ಷಗಟ್ಲೆ ಗುರ್ ಅನ್ನಿಸ್ತಾ ಇದ್ದೀರಲ್ಲ, ಆ ಮಿಷನ್ನು ತಂದು ಕೊಯ್ದು ಹಾಕಿ."

"ಅಯ್ಯೋ ಅಜ್ಜಿ, ಅದು ಮರ ಕೊಯ್ಯೋದಕ್ಕಲ್ಲ. ಪಂದ್ಯಕ್ಕೆ."

"ಪಂದ್ಯದಲ್ಲಿ ಏನು ಮಾಡ್ತೀರಪ್ಪಾ?"

ಡಾಕ್ಟರು ತುಸು ತಡವರಿಸಿ, "ಮರ ಕೊಯ್ತೀವಿ," ಎಂದರು. "ಆದ್ರೆ ಅದು ಸಿಪ್ಪೆ ತೆಗೆದ ದಿಮ್ಮಿ. ಈ ತೊಗಟೆಯಲ್ಲಿ ಮಣ್ಣು ಮರಳು ಇರುತ್ತೆ. ಒಂದು ಸಲ ತಾಗಿದ್ರೆ ಹಲ್ಲೆಲ್ಲ ಮೊಂಡು."

"ನನಗೆ ಕಟ್ಟಿಕೊಟ್ಟ ಹಲ್ಲಿಗೂ ಹಿಂಗೇ ಹೇಳಿದ್ರಿ," ಎಂದರು ಅಜ್ಜಿ. "ಇಟ್ಕೊಳ್ಳಿ, ಆದ್ರೆ ಅಗೀಬೇಡಿ ಅಂತ."

ಅಷ್ಟರಲ್ಲಿ ಬೀದಿಯ ಒಳಗಿನಿಂದ ವ್ಯಾನೊಂದು ಬಂದು ಕೊಂಬೆಯ ಮುಂದೆ ಗಕ್ಕನೆ ನಿಂತಿತು. ಔಷಧಿ ಅಂಗಡಿಯವರೂ ಕಟಿಂಗ್ ಶಾಪಿನವರೂ ಇಳಿದರು. ಇಬ್ಬರೂ ಸಂಘದವರೇ. ಇಬ್ಬರ ಗರಗಸಗಳೂ ಹಸುಗೂಸುಗಳಂತೆ ಟವೆಲಿನಲ್ಲಿ ಸುತ್ತಿಕೊಂಡು ಮಲಗಿದ್ದವು.

"ನಿಮ್ಮ ಮನೆ ಮುಂದೆ ಬಿದ್ದದ್ದು, ನೀವೇ ಕೊಯ್ಯಿರಿ ಡಾಕ್ಟ್ರೇ," ಎಂದರು ಔಷಧಿಯವರು.

"ದಾರಿ ಬೇಕಾಗಿರೋದು ನಿಮ್ಮ ವ್ಯಾನಿಗೆ!"

"ನನ್ನ ಕಡೆ ನೋಡಬೇಡಿ," ಎಂದರು ಕಟಿಂಗ್ ಶಾಪಿನವರು. "ನನ್ನ ಚೈನು ಇನ್ನೂ ಮರವನ್ನೇ ಕಂಡಿಲ್ಲ."

ಮಾತಿಗೆ ಮಾತು ಬೆಳೆಯಿತು. ಮಹಡಿಗಳ ಮೇಲೆ ಜನ ನಿಂತರು. ಗಂಟೆ ಒಂಬತ್ತೂವರೆ ದಾಟಿತು. ಕೊನೆಗೆ ಔಷಧಿಯವರೇ ಒಂದು ನ್ಯಾಯ ಹೇಳಿದರು. ಮೂವರೂ ಒಟ್ಟಿಗೆ ಕೊಯ್ಯುವುದು. ಮೊಂಡಾದರೆ ಮೂವರ ಹಲ್ಲೂ ಸಮನಾಗಿ ಮೊಂಡಾಗಲಿ.

ಮೂವರೂ ತಮ್ಮ ಗರಗಸ ತಂದು, ಒಂದು, ಎರಡು, ಮೂರು ಎಂದು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದರು. ಕಿಟಕಿಗಳು ಗಡಗಡ ಅಂದವು. ನಾಯಿಯೊಂದು ಬೀದಿಯನ್ನೇ ಬಿಟ್ಟು ಓಡಿತು. ಎರಡು ನಿಮಿಷ ಕಳೆಯಿತು. ಹೊಗೆ ಬಂತು, ಸದ್ದು ಬಂತು, ಒಂದು ಚಿಟಿಕೆ ಹೊಟ್ಟು ಮಾತ್ರ ಉದುರಲಿಲ್ಲ. ಮೂರು ಗರಗಸಗಳೂ ಕೊಂಬೆಯಿಂದ ಒಂದೊಂದು ಬೆರಳು ಮೇಲೆ ನಿಂತಿದ್ದವು. ಮೂವರೂ ಓರೆಗಣ್ಣಿನಲ್ಲಿ ಪಕ್ಕದವರನ್ನು ನೋಡುತ್ತಿದ್ದರು.

"ಗಾಳಿ ಚೆನ್ನಾಗಿ ಕೊಯ್ತಾ ಇದ್ದೀರಿ," ಎಂದರು ಅಜ್ಜಿ.

ಮಕ್ಕಳಿಗೆ ತಿಂಡಿ ಕೊಟ್ಟು ಬಂದ ಡಾಕ್ಟರ ಹೆಂಡತಿ ಇದನ್ನು ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಕೈಗೊಡಲಿಯನ್ನೂ ಒಂದು ಬಕೆಟ್ ನೀರನ್ನೂ ತಂದಳು.

"ಸಿಪ್ಪೆ ತಾನೇ ತೊಂದರೆ? ತೆಗೆದ್ರಾಯ್ತಪ್ಪ."

ಕೊಂಬೆ ತನ್ನ ಕವಲುಗಳ ಮೇಲೆ ಊರಿಕೊಂಡು ಮೊಣಕಾಲೆತ್ತರಕ್ಕೆ ನಿಂತಿತ್ತು. ಅವಳು ಸುತ್ತಲೂ ಒಂದು ಗೇಣಗಲ ತೊಗಟೆ ಕೆತ್ತಿದಳು, ನೀರು ಸುರಿದು ಸೆರಗಿನಿಂದ ಒರೆಸಿದಳು. ಒಳಗಿನ ಮರ ಸ್ನಾನ ಮಾಡಿದ ಮಗುವಿನ ಹಾಗೆ ಬೆಳ್ಳಗೆ ಹೊಳೆಯಿತು.

ಮೂವರ ಕಣ್ಣೂ ಹೊಳೆದವು.

"ನಾನು ಕೊಯ್ತೀನಿ!"

"ನ್ಯಾಯ ಹೇಳಿದ್ದು ನಾನು!"

"ಪಕ್ಕಕ್ಕೆ ಸರೀರಿ! ನನ್ನ ಮನೆ ಮುಂದೆ ಬಿದ್ದದ್ದು, ನನ್ನ ಹೆಂಡತಿ ಸುಲಿದದ್ದು!" ಎಂದು ಡಾಕ್ಟರು ನುಗ್ಗಿದರು. ಗರಗಸ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಕೊಂಬೆ ಎರಡಾಯಿತು. ಔಷಧಿಯವರು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿದ್ದರು.

"ಮೂರೂವರೆ ಸೆಕೆಂಡು! ಸಂಘದಲ್ಲೇ ಯಾರೂ ಮಾಡಿಲ್ಲ ಕಣ್ರೀ!"

ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಹೆಂಡತಿ ಕೂಡ ನಕ್ಕಳು. ಡಾಕ್ಟರ ಎದೆ ಉಬ್ಬಿತು. ಚೈನಿನ ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಬಹುಮಾನ ಕೈಗೆ ಬಂದಂತೆಯೇ ಲೆಕ್ಕ. ಬೀದಿಯವರೆಲ್ಲ ಸೇರಿ ತುಂಡುಗಳನ್ನು ಬದಿಗೆ ಉರುಳಿಸಿದರು, ಮೂವರೂ ವ್ಯಾನು ಹತ್ತಿದರು.

ಮೈದಾನದಲ್ಲಿ ಉಳಿದ ಸ್ಪರ್ಧಿಗಳು ಗರಗಸಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಂಕಾಗಿ ಕೂತಿದ್ದರು. ಸಂಘದ ಕಾರ್ಯದರ್ಶಿಗಳು ಕೈಚೆಲ್ಲಿ ನಿಂತಿದ್ದರು.

"ಪಂದ್ಯ ರದ್ದು. ದಿಮ್ಮಿ ತರೋ ಲಾರಿ ವಾಪಸ್ ಹೋಯ್ತು."

"ಯಾಕೆ ಸಾರ್?"

"ಯಾವುದೋ ಬೀದೀಲಿ ಕೊಂಬೆ ಅಡ್ಡ ಬಿದ್ದಿತ್ತಂತೆ. ಮೂರು ಜನ ಗರಗಸ ಹಿಡ್ಕೊಂಡು ಒಬ್ಬರ ಮೇಲೊಬ್ಬರು ಕೂಗಾಡ್ತಿದ್ರಂತೆ. ಕೊಲೆ ಆಗುತ್ತೆ ಅಂತ ಡ್ರೈವರ್ ಹೆದರಿ ಓಡಿಹೋಗಿದ್ದಾನೆ."

ಮೂವರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಡಾಕ್ಟರು ಸತ್ತ ಮೋರೆ ಹೊತ್ತು ಮನೆಗೆ ಬಂದರು. ಮಸೆದ ಹಲ್ಲುಗಳನ್ನು ಕೊನೆಯ ಸಲವೆಂಬಂತೆ ಸವರಿ, "ಪಂದ್ಯ ನಡೀಲಿಲ್ಲ ಕಣೆ. ಗುಜರಿಯವನನ್ನ ಕರೆಸು," ಎಂದರು.

"ಗುಜರಿಗಾ? ಬಿಡ್ತು ಅನ್ನಿ!" ಎಂದಳು ಹೆಂಡತಿ. "ಇಷ್ಟು ಚೆನ್ನಾಗಿ ಕೊಯ್ಯೋ ಮಿಷನ್ನ ಯಾರಾದ್ರೂ ಮಾರ್ತಾರಾ? ಪಾಪ, ಬೀದಿಯವರೆಲ್ಲ ಬಂದು ಕೇಳಿಕೊಂಡ್ರು. ಪ್ರತಿ ಭಾನುವಾರ ಕೊಯ್ದು ಕೊಡ್ತಾರೆ ಅಂತ ಮಾತು ಕೊಟ್ಟಿದ್ದೀನಿ."

ಡಾಕ್ಟರು ಹಿತ್ತಲಿಗೆ ಇಣುಕಿದರು. ಮಣ್ಣು ಮೆತ್ತಿದ ಬೇರುಗಳು, ಮುರಿದ ಮಂಚದ ಕಾಲುಗಳು, ಗೆದ್ದಲು ತಿಂದ ತೊಲೆಗಳು ಗೋಡೆಯೆತ್ತರ ಬಿದ್ದಿದ್ದವು. ಅದರ ಮುಂದೆ, ತಮ್ಮ ಹಳೆಯ ಬಾಗಿಲೊಂದನ್ನು ಒರಗಿಸಿಕೊಂಡು, ಅಜ್ಜಿ ಮೊದಲ ಸರದಿಯಲ್ಲಿ ಕೂತಿದ್ದರು.

"ಶುರು ಮಾಡಿ ಡಾಕ್ಟ್ರೇ," ಎಂದರು. "ಇದರಲ್ಲಿ ಸಿಪ್ಪೆ ಗಿಪ್ಪೆ ಏನಿಲ್ಲ. ಬರೀ ಮೊಳೆ."